ಬಿಚ್ಚಬ್ಯಾಡೋ ತಮ್ಮಾ

ಹಳೆಯ ಫಟಫಟಿಯೊಂದು ಓಣಿಗೆ ಬಂತೆಂದರೆ ಆ ಓಣಿಯಲ್ಲಿ ಎಷ್ಟು ಮಂದಿ ಮಿಸ್ತ್ರಿಗಳಿದ್ದಾರೆ ಎಂಬುದು ಅದೇ ದಿನ ಗೊತ್ತಾಗಿಬಿಡುತ್ತದೆ. ಹಾಲು ಹಾಕುವವನು ಕ್ಯಾನು ಇಳಿಸಿ ನಿಂತು, ‘ರಿಂಗ್ ಹೋಗ್ಯಾವ’ ಅನ್ನುತ್ತಾನೆ. ಕಿರಾಣಿ ಅಂಗಡಿಯವನು ಗಿರಾಕಿಯನ್ನು ತಕ್ಕಡಿ ಮುಂದೆಯೇ ಬಿಟ್ಟು ರಸ್ತೆ ದಾಟಿ ಬಂದು, ‘ರಿಂಗ್ ಎಲ್ಲೀದು, ಇದರ ಮ್ಯಾಗ್ನೆಟ್ ಸತ್ತೈತಿ’ ಅನ್ನುತ್ತಾನೆ. ಸಾರಿಗೆ ಸಂಸ್ಥೆಯಿಂದ ನಿವೃತ್ತರಾದ ಡ್ರೈವರ್ ಅಣ್ಣಾರು ಇಬ್ಬರನ್ನೂ ಸರಿಸಿ, ಟಾಕಿಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ‘ಎಂಜಿನ್ ಇಳಸಬೇಕು’ ಎಂದು ತೀರ್ಪು ಕೊಡುತ್ತಾರೆ. ಗಾಡಿಗೆ ಅಷ್ಟೊತ್ತಿಗೆ ಒಂದು ಹನಿ ಪೆಟ್ರೋಲ್ ಕೂಡ ಬಿದ್ದಿರುವುದಿಲ್ಲ.

ಗೋಕಾಕದ ನಮ್ಮ ಓಣಿಗೆ ಹೀಗೆ ಬಂದದ್ದು 1978ರ ಯೆಜ್ಡಿ 250. ತಂದವನು ಪಕ್ಕದ ಮನೆಯ ಹುಡುಗ. ಹುಡುಗ ಅಂದರೆ ಮೀಸೆ ಬಂದು, ಪತ್ತಿನ ಸೊಸೈಟಿಯಲ್ಲಿ ಕ್ಲಾರ್ಕನಾಗಿರುವ ಹುಡುಗ. ದಿನವಿಡೀ ಕಂಡವರ ಸಾಲದ ಬಡ್ಡಿ ಲೆಕ್ಕ ಹಾಕುವವನಿಗೆ ಸಂಜೆಗೊಂದು ಸ್ವಂತದ ಗೀಳು ಬೇಕಾಗಿತ್ತೆಂದು ಕಾಣುತ್ತದೆ. ಪಾನಾ ಹಿಡಿದು ಗೊತ್ತಿಲ್ಲ. ಸೈಕಲ್ಲಿನ ಚೈನು ಬಿದ್ದರೂ ಅಂಗಡಿಗೆ ಒಯ್ಯುತ್ತಿದ್ದವನು. ಗಾಡಿ ಅವನ ತಾಯಿಯ ತಂದೆಯದು. ಆ ಮುತ್ಯಾ ತೀರಿಕೊಂಡ ಮೇಲೆ ಮೂಡಲಗಿ ಬದಿಯ ಹಳ್ಳಿಯಲ್ಲಿ ದನದ ಕೊಟ್ಟಿಗೆಯೊಳಗೆ, ಹೊಟ್ಟಿನ ಚೀಲಗಳ ಹಿಂದೆ ಅದು ನಿಂತುಬಿಟ್ಟಿತ್ತು. ಸೋದರಮಾವಂದಿರು ಮೂವರು. ಮೂವರೂ ಒಂದೇ ಬಾಯಲ್ಲಿ, ‘ಒಯ್ಯೋ ಮಾರಾಯಾ, ಭಂಗಾರದಂವ ಕೇಳಾಕತ್ತಾನ, ಅವನ ಪಾಲಾಗೂದಕ್ಕಿಂತ ನೀ ಒಯ್ದರ ಚಲೋ, ಎಮ್ಮಿಗಿ ಜಾಗಾನರ ಆಕ್ಕೈತಿ’ ಎಂದು ಟಂಟಂಗೆ ಹೇರಿ ಕಳಿಸಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ನಮ್ಮ ಎರಡೂ ಮನೆಗಳ ನಡುವೆ ಇರುವುದು ಎದೆಮಟ್ಟದ ದಾಸವಾಳದ ಬೇಲಿ. ಈಚೆ ನನ್ನ ಕುರ್ಚಿ, ಆಚೆ ಅವನ ಗಾಡಿ.

‘ಏನ್ ತಮ್ಮಾ, ಯಾವಾಗ ಚಾಲೂ ಮಾಡಾಂವ?’

‘ಚಾಲೂ ಆಮ್ಯಾಲ ಕಾಕಾ. ಮೊದಲ ಪೂರಾ ಬಿಚ್ಚಿಬಿಡೂದು. ಒಂದೊಂದು ಪಾರ್ಟ್ ತೊಳದು, ಪೇಂಟ್ ಹೊಡದು, ಹೊಸಾದರಂಗ ಕೂಡಸೂದು. ಮೊಬೈಲ್‌ನ್ಯಾಗ ಎಲ್ಲಾ ನೋಡೇನ್ರಿ.’

‘ಬಿಚ್ಚಬ್ಯಾಡೋ ತಮ್ಮಾ.’

ನನಗೆ ಈ ವಿಷಯದಲ್ಲಿ ಇರುವುದು ಇದೊಂದೇ ಮಾತು. ಮಂದಿ ನಕ್ಕರೂ ನಾನು ಬಿಡುವವನಲ್ಲ. ಹುಕ್ಕೇರಿ ತಾಲ್ಲೂಕಿನ ಶಾಲೆಗಳಲ್ಲಿ ಮಾಸ್ತರಿಕೆ ಮಾಡುತ್ತ ರಾಜದೂತ್ ಹತ್ತಿ ಹಳ್ಳಿ ಸುತ್ತಿದವನು ನಾನು. ಗಾಡಿ ರಿಪೇರಿ ನನಗೆ ಬರುವುದಿಲ್ಲ, ಆದರೆ ಗಾಡಿಗಳು ಹೇಗೆ ಸಾಯುತ್ತವೆ ಎಂಬುದನ್ನು ಬೇಕಾದಷ್ಟು ಕಂಡಿದ್ದೇನೆ. ಓಡಿ ಓಡಿ ಸತ್ತವು ಕಡಿಮೆ. ಬಿಚ್ಚಿಸಿಕೊಂಡು ಸತ್ತವೇ ಹೆಚ್ಚು. ಬಿಚ್ಚಿದ ಗಾಡಿ ಗೋಣಿಚೀಲ ಸೇರುತ್ತದೆ, ಚೀಲ ಅಟ್ಟ ಸೇರುತ್ತದೆ, ಮನೆಯಲ್ಲಿ ಮದುವೆ ಬಂದು ಸುಣ್ಣ ಹೊಡೆಯುವಾಗ ಅಟ್ಟದಿಂದ ಇಳಿದು ತೂಕಕ್ಕೆ ಹೋಗುತ್ತದೆ. ಅಟ್ಟ ಹತ್ತಿಸಿದವನು ಮಾತ್ರ ಕೊನೆಯವರೆಗೂ, ‘ಇನ್ನ ಸ್ವಲ್ಪ ಕೆಲಸ ಐತಿ’ ಅನ್ನುತ್ತಲೇ ಇರುತ್ತಾನೆ.

ಇದರಲ್ಲಿ ಒಂದು ಲೆಕ್ಕವಿದೆ. ಇಡಿಯಾಗಿ ನಿಂತಿರುವ ಗಾಡಿಯಲ್ಲಿ ಇರುವುದು ಒಂದೋ ಎರಡೋ ರೋಗ. ಕಿಕ್ ಹೊಡೆದರೆ ಅದೇ ಬಾಯಿಬಿಟ್ಟು ಹೇಳುತ್ತದೆ. ಅದನ್ನೇ ಒಬ್ಬ ಹೊಸಬ ಪೂರಾ ಬಿಚ್ಚಿ ಜೋಡಿಸಿದ ಅನ್ನಿ, ಹಳೆಯ ಎರಡು ರೋಗದ ಜತೆಗೆ ಅವನು ಕೂಡಿಸಿದ ಹತ್ತು ಹೊಸ ರೋಗಗಳು ಸೇರಿರುತ್ತವೆ, ಯಾವುದು ಮುತ್ಯಾನದು ಯಾವುದು ಮೊಮ್ಮಗನದು ಎಂದು ದೇವರಿಗೂ ತಿಳಿಯುವುದಿಲ್ಲ. ನಮ್ಮ ಕಡೆಯ ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಹೊಟ್ಟೆ ಸೀಳಿ ನೋಡಿದವರನ್ನು ನಾನು ಕಂಡಿಲ್ಲ.

ಹುಡುಗ ನನ್ನ ಮಾತಿಗೆ ಅರ್ಧ ಒಪ್ಪಿದ. ಪೂರಾ ಒಪ್ಪಿದ್ದು ಅವರವ್ವನ ಮಾತಿಗೆ. ವೈನಿ ಕಸಬರಿಗೆ ಹಿಡಿದುಕೊಂಡೇ ಹೇಳಿದ್ದು: ‘ಕಟ್ಟೀ ಮ್ಯಾಲ ಒಂದು ನಟ್ ಬಿದ್ದಿದ್ದು ಕಂಡರ ಕಸದಾಗ ಹಾಕ್ತೇನ ನೋಡು.’ ತಾಂತ್ರಿಕ ಸಲಹೆಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ತಿಳಿಯದು.

ಬಿಚ್ಚುವ ಮುಂಚೆ ಕೇಳಬೇಕಾದ ಮೊದಲನೆಯ ಪ್ರಶ್ನೆ ನಮ್ಮ ಊರಿನದು, ಬೇರೆ ಊರಿನವರಿಗೆ ಹೊಳೆಯುವಂಥದ್ದಲ್ಲ. ‘ಇದು 2019ರಾಗ ನೀರು ಕುಡದೈತೇನ?’ ಆ ವರ್ಷದ ಆಗಸ್ಟ್‌ನಲ್ಲಿ ಘಟಪ್ರಭೆ ಏರಿದ್ದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳಲ್ಲಿ ನೀರು ನಿಂತಿತು, ಮೂಡಲಗಿ ಕಡೆಯ ಹೊಳೆದಂಡೆಯ ಹಳ್ಳಿಗಳು ಮನೆ ಬಿಟ್ಟು ಎದ್ದವು. ಮನುಷ್ಯರು ದನ ಹೊಡೆದುಕೊಂಡು ಹೊರಟಾಗ ಗಾಡಿಯ ಗತಿ ಯಾರು ಕೇಳಬೇಕು? ಅಂದು ಮುಳುಗಿದ ಗಾಡಿಗಳು ಇವತ್ತಿಗೂ ಒರೆಸಿ, ಬಣ್ಣ ಬಳಿಸಿಕೊಂಡು ಕೈ ಬದಲಾಗುತ್ತಲೇ ಇವೆ. ಹೊಳೆಯ ರಾಡಿ ಎಂಜಿನ್ನಿನ ಹೊಟ್ಟೆಗೆ ಇಳಿದಿದ್ದರೆ ಬೇರಿಂಗುಗಳು ತುಕ್ಕು ಹಿಡಿದು ಕೂರುತ್ತವೆ. ಅಂಥ ಗಾಡಿಯನ್ನು ಬಿಚ್ಚದೆ ವಿಧಿಯಿಲ್ಲ, ಆಗ ನನ್ನ ಮಾತು ನಡೆಯುವುದಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ಕಂಡುಹಿಡಿಯುವ ಬಗೆ ಸುಲಭ. ಹೊರಗಿನ ತೊಳೆತವನ್ನು ನಂಬಬಾರದು, ಯಾರ ಕೈಯೂ ಹೋಗದ ಜಾಗ ನೋಡಬೇಕು. ಹುಡುಗನಿಗೆ ಹೆಡ್‌ಲೈಟಿನ ಒಂದು ಸ್ಕ್ರೂ ಸಡಿಲಿಸಿ ಗಾಜು ತೆಗೆಯಲು ಹೇಳಿದೆ. ಒಳಗೆ ಟಾರ್ಚು ಬಿಟ್ಟು ಇಬ್ಬರೂ ಬಗ್ಗಿದೆವು. ವೈರುಗಳ ಗೊಂಚಲಿನ ಮೇಲೆ ಜೇಡರ ಬಲೆ, ಮೂಲೆಯಲ್ಲಿ ಕಣಜ ಕಟ್ಟಿದ ಒಂದು ಮಣ್ಣಿನ ಗೂಡು, ತಳದಲ್ಲಿ ಹೊಟ್ಟಿನ ಪುಡಿ. ಕೆಸರಿನ ಗೆರೆ ಇರಲಿಲ್ಲ. ನೀರು ಹೊಕ್ಕಿದ್ದರೆ ಆ ಬಟ್ಟಲಿನ ಗೋಡೆಗೆ ಚಹಾದ ಕಪ್ಪಿನ ಒಳಗೆ ಉಳಿಯುವ ಕಲೆಯ ಹಾಗೆ ಒಂದು ಅಡ್ಡ ಗೆರೆ ಉಳಿದಿರುತ್ತಿತ್ತು. ಕೊಟ್ಟಿಗೆ ಎತ್ತರದ ಮೇಲಿತ್ತು, ಗಾಡಿ ಬಚಾವು.

ಮೈಸೂರಿನಲ್ಲಿ ಹುಟ್ಟಿದ ಈ ಗಾಡಿ ಮೂಡಲಗಿಯ ಕೊಟ್ಟಿಗೆಗೆ ಹೇಗೆ ಬಂತು ಎಂದು ಹುಡುಗನಿಗೆ ಕುತೂಹಲ. ಬೇಲಿಯ ಮೇಲೆ ಕೈ ಊರಿ ಹೇಳಿದೆ. ಯೆಜ್ಡಿಯ ಹಿಂದಿನ ಹೆಸರು ಜಾವಾ, ಅದು ಮೂಲತಃ ಜೆಕೊಸ್ಲೊವಾಕಿಯಾದ್ದು. ರುಸ್ತುಂ ಇರಾನಿ, ಫರ್ರೋಖ್ ಇರಾನಿ ಎಂಬ ಪಾರ್ಸಿಗಳು ಅಲ್ಲಿಂದ ಪರವಾನಗಿ ತಂದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹಾಕಿದರು. ಜಯಚಾಮರಾಜ ಒಡೆಯರ ಬೆಂಬಲವಿತ್ತು. 1961ರಿಂದ ಗಾಡಿಗಳು ಹೊರಬಿದ್ದವು. ಪರವಾನಗಿಯ ಕಾಲ ಮುಗಿದ ಮೇಲೆ 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಬರತೊಡಗಿತು, ಇರಾನಿನ ಯಜ್ದ್ ಊರಿನ ನೆನಪಿಗೆ. 1978ಕ್ಕೆ ರೋಡ್‌ಕಿಂಗ್ ಬಂತು. ಆಮೇಲೆ ನೂರು ಸಿಸಿಯ ಜಪಾನಿ ಗಾಡಿಗಳು ಲೀಟರಿಗೆ ಎರಡು ಪಟ್ಟು ಓಡುತ್ತೇವೆಂದು ಬಂದವು, ಹೊಗೆಯ ಕಾನೂನು ಬಿಗಿಯಾಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ಹುಟ್ಟುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಚಲೋ ಗಾಡಿಗಳೇ ಇರಬಹುದು, ನನಗೆ ಅವುಗಳ ಮೇಲೆ ಸಿಟ್ಟಿಲ್ಲ, ಸಲುಗೆಯೂ ಇಲ್ಲ.

ನಮ್ಮ ಭಾಗದಲ್ಲಿ ಆಗ ಗಾಡಿ ನೋಡಿ ಆಳು ಯಾರೆಂದು ಹೇಳಬಹುದಾಗಿತ್ತು. ಬುಲೆಟ್ ಫೌಜದಾರನದು, ರಾಜದೂತ್ ಹಾಲಿನವನದು ಇಲ್ಲವೆ ನನ್ನಂಥ ಮಾಸ್ತರನದು, ಯೆಜ್ಡಿ ಕಬ್ಬು ಬೆಳೆಯುವ ಗೌಡನದು. ಎರಡು ಸೈಲೆನ್ಸರ್ ಇದ್ದರೂ ಒಳಗೆ ಇರುವುದು ಒಂದೇ ಸಿಲಿಂಡರ್. ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಎರಡು ಸೈಲೆನ್ಸರ್ ತೋರಿಸಿ ಡಬಲ್ ಎಂಜಿನ್ ಎಂದು ಹೇಳಿಕೊಂಡದ್ದನ್ನೂ ಕೇಳಿದ್ದೇನೆ. ಆ ಗಾಡಿಯ ಕಿಕ್ಕು, ಗೇರು ಎರಡೂ ಒಂದೇ ಸನ್ನೆ. ಎಡಗಡೆಯ ಗೇರಿನ ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುವಿದರೆ ಅದೇ ಕಿಕ್ಕಾಗಿ ನಿಲ್ಲುತ್ತದೆ. ಗೊತ್ತಿಲ್ಲದವನು ಇಡೀ ಗಾಡಿ ತಡವಿದರೂ ಕಿಕ್ ಸಿಗುವುದಿಲ್ಲ. ಕಳ್ಳರು ಬಂದು ಹುಡುಕಿ ಬೇಸತ್ತು ಹೋದರು ಎಂಬ ಕಥೆ ಪ್ರತಿ ಊರಲ್ಲೂ ಇದೆ, ಪ್ರತಿ ಊರಿನವರೂ ಅದು ತಮ್ಮೂರಲ್ಲೇ ನಡೆದದ್ದು ಅನ್ನುತ್ತಾರೆ. ಗೇರ್ ಹಾಕುವಾಗ ಕ್ಲಚ್ ಹಿಡಿಯುವ ಹಂಗೂ ಇಲ್ಲ, ಗೇರಿನ ಸನ್ನೆಯೇ ಒಳಗಿಂದ ಕ್ಲಚ್ ಬಿಡಿಸುತ್ತದೆ.

ಹೊಸಬನಿಗೆ ಯೆಜ್ಡಿಗಿಂತ ಒಳ್ಳೆಯ ಗುರು ಇಲ್ಲ ಅನ್ನುವುದಕ್ಕೆ ಕಾರಣ ಅದರ ಹೊಟ್ಟೆ ಖಾಲಿ ಇರುವುದು. ಎರಡು ಸ್ಟ್ರೋಕಿನ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟ್ಯಾಪೆಟ್ ಹೊಂದಿಸುವ ತಾಪತ್ರಯ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕು, ಅಷ್ಟೇ ಅಲುಗಾಡುವ ಸಾಮಾನು. ಎಂಜಿನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನ ಜತೆಯಲ್ಲೇ ಹೋಗುತ್ತದೆ, ಲೀಟರಿಗೆ ಸುಮಾರು 40 ಮಿಲಿ. ಹೀಗಾಗಿ ಚಾಲೂ ಆಗದಿದ್ದರೆ ಕೇಳಬೇಕಾದದ್ದು ಮೂರೇ: ಕಿಡಿ ಬರುತ್ತದೆಯೇ, ಪೆಟ್ರೋಲ್ ಇಳಿಯುತ್ತದೆಯೇ, ಕಿಕ್ ಹೊಡೆದರೆ ಒಳಗಿನ ಗಾಳಿ ಕಾಲನ್ನು ತಿರುಗಿ ಒದೆಯುತ್ತದೆಯೇ.

ಒದೆಯಿತು. ಹುಡುಗ ಎರಡು ದಿನ ಕುಂಟಿದ. ‘ಕಂಪ್ರೆಶನ್ ಚಲೋ ಐತಿ’ ಎಂದು ನನಗೆ ಸಂತೋಷವಾಯಿತು. ಹಾಲಿನವನ ರಿಂಗು ಅಲ್ಲಿಗೆ ಬಿದ್ದುಹೋಯಿತು.

ಇನ್ನು ಕಿಡಿ. ಕಿರಾಣಿಯವನು ಹೇಳಿದ ಮ್ಯಾಗ್ನೆಟ್ ಈ ಗಾಡಿಯಲ್ಲಿ ಇಲ್ಲವೇ ಇಲ್ಲ. ಇದು ಡೈನಮೋ ಗಾಡಿ, ಆರು ವೋಲ್ಟಿನ ಬ್ಯಾಟರಿಯಿಂದ ಕಾಯಿಲ್ಲಿಗೆ ಕರೆಂಟು ಹೋಗಿ ಕಿಡಿ ಹುಟ್ಟುತ್ತದೆ. ಮುತ್ಯಾನ ಬ್ಯಾಟರಿ ಮುತ್ಯಾನ ಹಿಂದೆಯೇ ಹೋಗಿತ್ತು. ಬ್ಯಾಟರಿ ಸತ್ತಿದ್ದಕ್ಕೆ ಕಾಯಿಲ್ ಬದಲಿಸಿದವರು, ವೈರಿಂಗ್ ಪೂರಾ ಕಿತ್ತುಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಹೊಸ ಬ್ಯಾಟರಿ ಕೂತಿತು, ಕೀಲಿ ತಿರುವಿದರೆ ಕೆಂಪು ದೀಪ ಹತ್ತಿತು. ಕಿಡಿ ಮಾತ್ರ ಬರಲಿಲ್ಲ.

ಎಂಜಿನ್ನಿನ ಬಲಗಡೆಯ ಮುಚ್ಚಳ ತೆಗೆದರೆ ಪಾಯಿಂಟ್ ಕಾಣುತ್ತದೆ. ಉಗುರಿನಷ್ಟು ಸಾಮಾನು. ಎರಡು ಪುಟ್ಟ ತುದಿಗಳು ಕೂಡುತ್ತ ಬಿಡುತ್ತ ಇರಬೇಕು, ಬಿಟ್ಟ ಕ್ಷಣದಲ್ಲೇ ಪ್ಲಗ್ಗಿನಲ್ಲಿ ಕಿಡಿ. ಇಷ್ಟು ವರ್ಷ ಕೂಡಿಯೇ ನಿಂತದ್ದರಿಂದ ತುದಿಗಳ ಮೇಲೆ ಬೂದುಬಣ್ಣದ ಹೊಟ್ಟು ಹಿಡಿದಿತ್ತು. ಹುಡುಗ ಸಣ್ಣ ಪಾಲಿಶ್ ಪೇಪರಿನ ಪಟ್ಟಿ ಮಡಚಿ ನಡುವೆ ತೂರಿಸಿ ನಾಲ್ಕು ಸಲ ಎಳೆದ. ನಾನು ನನ್ನ ಕಿಸೆಯಿಂದ ಬಸ್ ಟಿಕೆಟ್ ಕೊಟ್ಟೆ, ಅದನ್ನು ಪೆಟ್ರೋಲಿನಲ್ಲಿ ತೋಯಿಸಿ ಪುಡಿ ಒರೆಸಿದ. ಒರೆಸದೆ ಬಿಟ್ಟರೆ ಆ ಪುಡಿಯೇ ಕರೆಂಟಿಗೆ ಅಡ್ಡ. ಆಮೇಲೆ ಗ್ಯಾಪು, 0.4 ಮಿಲಿಮೀಟರ್. ಫೀಲರ್ ಗೇಜಿನ ಎಲೆ ಹೋಗಬೇಕು, ಹೋಗುವಾಗ ಸ್ವಲ್ಪ ಹಿಡಿದಂತೆ ಆಗಬೇಕು. ಆ ‘ಸ್ವಲ್ಪ’ ಎಷ್ಟು ಎಂದು ಮೊಬೈಲಿನಲ್ಲಿ ಯಾರೂ ಹೇಳಿಕೊಡಲಾರರು. ಹುಡುಗ ನಾಲಿಗೆ ಕಚ್ಚಿಕೊಂಡು ಸ್ಕ್ರೂ ತಿರುವಿ, ಎಲೆ ಹಾಕಿ, ತೆಗೆದು, ಮತ್ತೆ ತಿರುವಿ, ಬೆವರಿಳಿಸಿಕೊಂಡು ಕೂತಿದ್ದಾಗ ಡ್ರೈವರ್ ಅಣ್ಣಾರು ಬೇಲಿ ಹತ್ತಿರ ಬಂದು, ‘ಇಳಸಿದೇನು ಎಂಜಿನ್?’ ಎಂದರು.

ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಸಿಲಿಂಡರಿನ ತಲೆಗೆ ತಾಗಿಸಿ, ನೆರಳಿನಲ್ಲಿ ಹಿಡಿದು ಕಿಕ್ ಹೊಡೆದ. ಚಿಟ್ ಎಂದಿತು. ನೀಲಿ ಕಿಡಿ. ಹುಡುಗನ ಮುಖ ನೋಡಬೇಕಾಗಿತ್ತು.

ಪೆಟ್ರೋಲಿನ ಕಥೆ ಇನ್ನೂ ದೊಡ್ಡದು, ಅದರಲ್ಲಿ ನಾವೇ ಪಾತ್ರಧಾರಿಗಳು. ಮುತ್ಯಾನ ಕಾಲದಲ್ಲಿ ಪೆಟ್ರೋಲ್ ಅಂದರೆ ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಆ ಎಥೆನಾಲ್ ಎಲ್ಲಿಯದು? ಸಂಕೇಶ್ವರದ ಹಿರಣ್ಯಕೇಶಿಯಿಂದ ಹಿಡಿದು ಘಟಪ್ರಭಾ ದಂಡೆಯವರೆಗೆ ಹುಕ್ಕೇರಿ, ಗೋಕಾಕ, ಮೂಡಲಗಿ ಈ ನಮ್ಮ ಮೂರೂ ತಾಲ್ಲೂಕಿನ ಹೊಲಗಳಲ್ಲಿ ನಿಂತಿರುವುದು ಕಬ್ಬು, ಊರೂರಿಗೆ ಕಾಣುವುದು ಸಕ್ಕರೆ ಕಾರ್ಖಾನೆಯ ಚಿಮಣಿ. ಮುತ್ಯಾ ಬೆಳೆದ ಕಬ್ಬು ಅಂದು ಟ್ರ್ಯಾಕ್ಟರ್ ಹತ್ತಿ ಕಾರ್ಖಾನೆಗೆ ಹೋಗುತ್ತಿತ್ತು. ಮಾವಂದಿರು ಬೆಳೆದ ಕಬ್ಬು ಈಗ ಒಂದು ಸುತ್ತು ಹಾಕಿ ಮುತ್ಯಾನ ಗಾಡಿಯ ಟಾಕಿಗೇ ಬಂದು ಬೀಳುತ್ತಿದೆ. ಬೆಳೆದವನಿಗೆ ಬಿಲ್ಲು ತಡವಾಗಿ ಬಂದರೂ ಎಥೆನಾಲ್ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ.

ತೊಂದರೆ ಏನೆಂದರೆ, ಎಥೆನಾಲ್ ನೀರನ್ನು ಎಳೆಯುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ, ಅದರಲ್ಲೂ ಮಳೆಗಾಲದಲ್ಲಿ, ಟಾಕಿಯ ಒಳಗಿನ ತೇವವೆಲ್ಲ ಅದರಲ್ಲಿ ಸೇರಿ, ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ. ಪೆಟ್ರೋಲ್ ನಳ ಇರುವುದು ತಳದಲ್ಲೇ. ಹಳೆಯ ಕಾಲದ ರಬ್ಬರ್ ನಳಿಕೆ ಮೆತ್ತಗಾಗಿ ಉಬ್ಬುತ್ತದೆ, ನಳದ ಒಳಗಿನ ಬೂಚಿನ ಬಿಲ್ಲೆ ಕೈಕೊಡುತ್ತದೆ, ಟಾಕಿ ಒಳಗಿಂದ ತುಕ್ಕು ಹಿಡಿದು ಆ ಪುಡಿ ಕಾರ್ಬರೇಟರಿನ ಜೆಟ್ಟಿಗೆ ಇಳಿಯುತ್ತದೆ. ಜೆಟ್ಟಿನ ತೂತು ಸೂಜಿಯ ಮೊನೆಯಷ್ಟು. ಒಂದು ಕಣ ಸಾಕು, ಗಾಡಿ ನಿಲ್ಲುತ್ತದೆ. ಆ ತೂತನ್ನು ತಂತಿ ಹಾಕಿ ಚುಚ್ಚಬಾರದು, ಹಿತ್ತಾಳೆ ಹಿಗ್ಗಿದರೆ ಹೊಸ ಜೆಟ್ಟೇ ತರಬೇಕು. ಗಾಳಿ ಊದಬೇಕು, ಅಷ್ಟೇ.

ಟಾಕಿ ತೊಳೆಯಲು ವೈನಿಯವರ ಹುಣಸೆಹಣ್ಣು ಖರ್ಚಾಯಿತು. ಹಿತ್ತಾಳೆ ಪಾತ್ರೆಗೆ ಹಚ್ಚುವುದು ಕಬ್ಬಿಣದ ತುಕ್ಕಿಗೂ ಹತ್ತುತ್ತದೆ. ಹುಣಸೆಯ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಒಂದು ಹಿಡಿ ಹಳೆಯ ನಟ್ಟು ಹಾಕಿ ಇಬ್ಬರು ಅತ್ತಿತ್ತ ಅಲ್ಲಾಡಿಸಿದಾಗ ಹೊರಬಂದದ್ದು ಕೆಂಪು ಕಷಾಯ. ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ, ಒಳಗೆ ಒಂದಿಷ್ಟು ಎಣ್ಣೆ ಆಡಿಸಿದರೆ ಮತ್ತೆ ತುಕ್ಕು ಹತ್ತದು. ಅಂದಿನಿಂದ ಹುಡುಗನಿಗೆ ಒಂದು ಶಿಸ್ತು ಹೇಳಿದ್ದೇನೆ. ಗಾಡಿ ನಿಲ್ಲಿಸುವ ಮುಂಚೆ ನಳ ಬಂದ್ ಮಾಡಿ, ಕಾರ್ಬರೇಟರಿನಲ್ಲಿ ಇದ್ದಷ್ಟು ಉರಿದು ಎಂಜಿನ್ ತಾನೇ ಆರುವವರೆಗೆ ಬಿಡುವುದು.

ಚಾಲೂ ಆದ ದಿನ ಓಣಿಯೆಲ್ಲ ಹೊಗೆ. ಹೊಸ ಪೀಳಿಗೆಯ ಹುಡುಗರು ಮೂಗು ಮುಚ್ಚಿಕೊಂಡು ಮೊಬೈಲ್ ಹಿಡಿದರು, ಹಿರಿಯರು ಮೂಗು ಅರಳಿಸಿಕೊಂಡು ನಿಂತರು. ಆದರೆ ಹೊಗೆ ನಿಲ್ಲಲೇ ಇಲ್ಲ. ಎರಡು ಸ್ಟ್ರೋಕಿನ ಗಾಡಿ ನೀಲಿ ಹೊಗೆ ಬಿಡುವುದು ಧರ್ಮ, ಇದು ಬಿಳಿ ಹೊಗೆ ಕಾರುತ್ತಿತ್ತು, ಅದೂ ಬಿಸಿಯಾದ ಮೇಲೂ.

‘ನಾ ಹೇಳಿದ್ದಿಲ್ಲೇನ, ಎಂಜಿನ್ ಇಳಸಬೇಕಂತ’ ಎಂದರು ಡ್ರೈವರ್ ಅಣ್ಣಾರು.

ಇಳಿಸಲಿಲ್ಲ. ಹುಕ್ಕೇರಿಗೆ ಹೋದೆವು. ಅಲ್ಲಿ ಗುಮ್ಮಟಗಳ ಬದಿಯ ಒಂದು ಓಣಿಯಲ್ಲಿ ನಾನು ಮಾಸ್ತರನಾಗಿದ್ದ ಕಾಲದಿಂದ ಬಲ್ಲ ಮಿಸ್ತ್ರಿಯೊಬ್ಬರಿದ್ದಾರೆ. ಕಣ್ಣು ಮಂಜು, ಕೈ ನಡುಕ, ಅಂಗಡಿಯಲ್ಲಿ ಈಗ ಮಗನ ಕಾರುಬಾರು. ದೇಶದಲ್ಲಿ ಹಳ್ಳಿಗಳಿಗೆ ವಿದ್ಯುತ್ತನ್ನು ಸಹಕಾರಿ ಸಂಘವೇ ಹಂಚುವ ಕೆಲವೇ ಊರುಗಳಲ್ಲಿ ಹುಕ್ಕೇರಿಯೂ ಒಂದು, 1969ರಿಂದ ನಡೆದು ಬಂದದ್ದು. ಆ ಸಂಘದ ಲೈನ್‌ಮನ್ನರ ಯೆಜ್ಡಿ, ರಾಜದೂತ್ ಎಲ್ಲ ತನ್ನ ಕೈಯಲ್ಲೇ ಹಾದುಹೋದವು ಅನ್ನುವುದು ಮಿಸ್ತ್ರಿಯ ಅಭಿಮಾನ. ಗಾಡಿ ಚಾಲೂ ಮಾಡಿಸಿ, ಉದ್ದ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿಕೊಂಡು ಕೇಳಿದರು. ಬಲಗಡೆ, ಎಡಗಡೆ, ಮೇಲೆ. ಆಮೇಲೆ ಸೈಲೆನ್ಸರಿನ ತುದಿಗೆ ಬೆರಳು ಹಚ್ಚಿ ಮೂಸಿದರು.

‘ಬೇರಿಂಗ್ ಚಲೋ ಅದಾವು. ಬೋರ್ ಮಾಡಿಸೂದು ಬ್ಯಾಡ. ಇದು ಗೇರ್ ಆಯಿಲ್ ಕುಡ್ಯಾಕತ್ತೈತಿ. ಎಡಗಡೆ ಸೀಲ್ ಒಣಗಿ ಹೋಗೇತಿ.’

ಕ್ರ್ಯಾಂಕಿನ ಎಡ ತುದಿಗೆ ಒಂದು ರಬ್ಬರ್ ಸೀಲ್ ಇರುತ್ತದೆ. ಎರಡು ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲೇರುವಾಗ ಕೆಳಗಿನ ಕೋಣೆ ಪೆಟ್ರೋಲ್-ಗಾಳಿಯನ್ನು ಎಳೆದುಕೊಳ್ಳಬೇಕು. ಸೀಲ್ ಬಿರುಕು ಬಿಟ್ಟರೆ ಪಕ್ಕದ ಕ್ಲಚ್ಚಿನ ಕೋಣೆಯ ಎಣ್ಣೆಯನ್ನೂ ಎಳೆಯುತ್ತದೆ. ಅದೇ ಬಿಳಿ ಹೊಗೆ. ಇದಕ್ಕೆ ಎಂಜಿನ್ ಫ್ರೇಮಿನಿಂದ ಇಳಿಯಬೇಕಾಗಿಲ್ಲ. ಎಡ ಮುಚ್ಚಳ, ಕ್ಲಚ್, ಪ್ರೈಮರಿ ಚೈನು, ಸ್ಪ್ರಾಕೆಟ್ ತೆಗೆದರೆ ಸೀಲ್ ಎದುರಿಗೇ ಕಾಣುತ್ತದೆ. ಸ್ಪ್ರಾಕೆಟ್ ಕೀಳಲು ಪುಲ್ಲರ್ ಬೇಕು, ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕು ವಾರೆಯಾಗುತ್ತದೆ. ಆ ಪುಲ್ಲರ್ ಮಿಸ್ತ್ರಿಯ ಹತ್ತಿರ ಇತ್ತು, ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದು.

‘ಒಂದಿನದ ಮಟ್ಟಿಗಿ ಕೊಡ್ರಿ ಕಾಕಾ’ ಎಂದ ಹುಡುಗ.

‘ಪುಲ್ಲರ್ ಅಂಗಡಿ ಬಿಟ್ಟು ಹೊರಗ ಹೋಗೂದಿಲ್ಲ ತಮ್ಮಾ. ಇಲ್ಲೇ ಕುಂತು ಮಾಡು. ನಾ ನೋಡಕೋತ ಕುಂದರ್ತೇನಿ.’

ಹೀಗೆ ಹುಡುಗನ ನಿಜವಾದ ಪಾಠ ನಡೆದದ್ದು ಹುಕ್ಕೇರಿಯಲ್ಲಿ. ಮಿಸ್ತ್ರಿ ಒಂದು ಪಾನಾ ಕೂಡ ಮುಟ್ಟಲಿಲ್ಲ. ಚಹಾ ಕುಡಿಯುತ್ತ, ‘ಒಮ್ಮೆಲೆ ಬಿಗಿ ಮಾಡಬ್ಯಾಡ, ಎದುರಬದುರ ಒಂದೊಂದು ಸುತ್ತು’, ‘ನಟ್ ಹೊಳ್ಳಿ ಅದರದರ ಬೋಲ್ಟಿಗೇ ಹಾಕು’ ಅನ್ನುತ್ತಿದ್ದರು. ಗ್ಯಾಸ್ಕೆಟ್ಟಿಗೆ ಅಂಟು ಹಚ್ಚುವಾಗ ಮಾತ್ರ ರೇಗಿದರು: ‘ಕರದಂಟ ಮಾಡಾಕತ್ತೀಯೇನು? ತೆಳ್ಳಗ ಹಚ್ಚು.’ ಕರದಂಟಿನ ಸಿಹಿಗೆ ಹೆಸರಾದ ಗೋಕಾಕದವರಿಗೆ ಎಲ್ಲಿ ಹೋದರೂ ಈ ಮಾತು ತಪ್ಪಿದ್ದಲ್ಲ. ಕೂಲಿ ಕೇಳಿದರೆ ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಬರುವಾಗ ಒಂದು ಡಬ್ಬಿ ಕರದಂಟು ತರಲು ಹೇಳಿದರು, ‘ತುಪ್ಪ ಜಾಸ್ತಿ ಇರೂದು’ ಎಂದು ಒತ್ತಿ ಹೇಳಿದರು.

ತಿರುಗಿ ಬರುವಾಗ ಹೊಗೆ ತೆಳುವಾಗಿತ್ತು, ನೀಲಿಯಾಗಿತ್ತು. ಗೋಕಾಕ ಫಾಲ್ಸಿನ ಏರು ಹತ್ತಿಸಿಯೂ ನೋಡಿದ, ಗಾಡಿ ಬಿಸಿಯಾಗಿ ಹಿಡಿದುಕೊಳ್ಳಲಿಲ್ಲ. ಪೇಂಟಿನ ಆಸೆ ಹುಡುಗನಿಗೆ ಇನ್ನೂ ಬಿಟ್ಟಿಲ್ಲ. ನನ್ನ ಪ್ರಕಾರ ಆ ಬಣ್ಣ ಹಾಗೇ ಇರಬೇಕು, ಟಾಕಿಯ ಮೇಲೆ ಮುತ್ಯಾನ ಮೊಣಕಾಲು ತಾಗಿ ಸವೆದ ಜಾಗ ಹೊಸ ಬಣ್ಣದ ಡಬ್ಬಿಯಲ್ಲಿ ಸಿಗುವುದಿಲ್ಲ.

ಇಷ್ಟಾದರೂ ಗಾಡಿ ಕಾನೂನಿನ ಕಣ್ಣಿಗೆ ಇನ್ನೂ ಕೊಟ್ಟಿಗೆಯಲ್ಲೇ ಇದೆ. ಆರ್‌ಸಿ ಮುತ್ಯಾನ ಹೆಸರಿನಲ್ಲಿ. ನಂಬರು ‘ಕೆಎ’ ಬರುವುದಕ್ಕಿಂತ ಹಿಂದಿನದು, ಆಗ ಗೋಕಾಕಕ್ಕೆ ಇವತ್ತಿನ ಕೆಎ 49 ಎಂಬ ಸ್ವಂತ ಸರಣಿಯೂ ಇರಲಿಲ್ಲ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆಗಬೇಕಾದ ನವೀಕರಣ ಯಾವಾಗಲೋ ನಿಂತಿದೆ. ಮಾಲೀಕ ತೀರಿಕೊಂಡರೆ ಮೂರು ತಿಂಗಳೊಳಗೆ ಫಾರ್ಮ್ 31 ತುಂಬಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು ಎಂದು ನಿಯಮ. ಮುತ್ಯಾನ ತಿಥಿಗಳೇ ಎಷ್ಟೋ ಆಗಿಹೋದವು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ತಂದಿದೆ, ಶುಲ್ಕ 20,000 ರೂಪಾಯಿ. ಈ ಗಾಡಿಗೆ ಇನ್ನೂ ಐವತ್ತು ತುಂಬಿಲ್ಲ, ತುಂಬಿದರೂ ಅದನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಅದಕ್ಕೇ ಸಾದಾ ದಾರಿಯೇ ಗತಿ: ಚಾಸಿ ನಂಬರು, ಎಂಜಿನ್ ನಂಬರು ಪುಸ್ತಕಕ್ಕೆ ತಾಳೆಯಾಗಬೇಕು, ವಾರಸುದಾರರೆಲ್ಲ ಒಪ್ಪಿಗೆಯ ಸಹಿ ಹಾಕಬೇಕು. ಹೊಸಬರು ಪಾನಾ ಸೆಟ್ಟು ಕೊಳ್ಳುವ ಮುಂಚೆ ಇದನ್ನು ನೋಡಬೇಕು. ಸೀಲು, ಪಾಯಿಂಟು ಕೊಲ್ಹಾಪುರದಲ್ಲಿ ಸಿಗುತ್ತವೆ, ಬೋರು, ಲೇತಿನ ಕೆಲಸ ಬೆಳಗಾವಿಯ ಉದ್ಯಮಬಾಗದಲ್ಲಿ ಆಗುತ್ತದೆ. ತೀರಿಕೊಂಡವರ ಸಹಿ ಎಲ್ಲಿಯೂ ಸಿಗದು.

ಬದುಕಿರುವವರ ಸಹಿಯಾದರೂ ಸಿಕ್ಕೀತು ಅಂದುಕೊಂಡಿದ್ದೆವು. ಹುಡುಗ ಗಾಡಿ ಓಡಿಸಿದ ವಿಡಿಯೋ ಮೂಡಲಗಿ ಮುಟ್ಟಿತು. 2025ರ ನವೆಂಬರಿನಲ್ಲಿ ಮೂಡಲಗಿ ಹತ್ತಿರದ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ಕೂತಿದ್ದಾಗ ಮಾವಂದಿರು ಮೂವರೂ ಅಲ್ಲೇ ಇದ್ದವರು. ಆ ಪೆಂಡಾಲಿನಲ್ಲಿ ಯಾರೋ ಹಳೆಯ ಯೆಜ್ಡಿಗೆ ಬೆಂಗಳೂರಿನಲ್ಲಿ ಭಾರೀ ಕಿಮ್ಮತ್ತು ಎಂದು ಹೇಳಿದ್ದರಂತೆ. ಈಗ ವಿಡಿಯೋ ನೋಡಿ ಆ ಮಾತು ನೆನಪಾಗಿದೆ. ಮೊನ್ನೆ ಬೇಲಿಯ ಹತ್ತಿರ ಹುಡುಗ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ.

‘ಕಾಕಾ, ದೊಡ್ಡ ಮಾವ ಫೋನ್ ಮಾಡಿದ್ದ. ಅಪ್ಪನ ನೆನಪಿಗಿ ಅದೊಂದ ಐತಿ, ಮನ್ಯಾಗ ಇರಬೇಕು ಅಂತಾನ. ನಡಕಿನ ಮಾವ ಮಾರಿ ಮೂರು ಪಾಲ ಮಾಡೂನು ಅಂತಾನ.’

‘ಸಣ್ಣ ಮಾವ?’

‘ಅಂವ ಏನೂ ಅನ್ನವಲ್ಲ. ನಾಳಿ ಗೋಕಾಕಕ್ಕ ಬರಾಂವ ಅದೇನಿ, ಸುಮ್ನ ಒಂದು ಸುತ್ತು ಹೊಡದು ನೋಡ್ತೇನಿ ಅಂದ.’

ಸುಮ್ಮನಿರುವ ಮಾವನೇ ಅಪಾಯ. ನಾನು ಕುರ್ಚಿಯಿಂದ ಎದ್ದು ಬೇಲಿಗೆ ಬಂದೆ.

‘ತಮ್ಮಾ, ಇಷ್ಟು ದಿನ ಬಿಚ್ಚಬ್ಯಾಡ ಬಿಚ್ಚಬ್ಯಾಡ ಅಂದೆ. ಇವತ್ತ ಒಂದು ಬಿಚ್ಚು. ಪ್ಲಗ್ ತಗದು ಕಿಸೇದಾಗ ಇಟ್ಕೋ. ಫಾರ್ಮಿಗಿ ಮೂರೂ ಸಹಿ ಬಿದ್ದ ಮ್ಯಾಲ ಹಾಕೀವಂತ.’

ಹುಡುಗ ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

‘ಪ್ಲಗ್ ಮೂಡಲಗ್ಯಾಗೂ ಸಿಗ್ತಾವ ಕಾಕಾ.’